ಜಂತಿನ ಔಷಧಿ: ಯಾವ ಹುಳುವಿಗೆ ಯಾವುದು, ಯಾವ ದನಕ್ಕೆ ಯಾವುದು

ಔಷಧಿ ಅಂಗಡಿಗೆ ಹೋಗಿ "ದನಕ್ಕೆ ಜಂತಿನ ಮಾತ್ರೆ ಕೊಡಿ" ಅಂದರೆ ಹೆಚ್ಚಾಗಿ ಕೈಗೆ ಬರುವುದು ಆಲ್ಬೆಂಡಜೋಲ್, ಇಲ್ಲದಿದ್ದರೆ ಫೆನ್‌ಬೆಂಡಜೋಲ್. ಎರಡೂ ಒಳ್ಳೆಯ ಔಷಧಿಗಳೇ. ಆದರೆ ಗದ್ದೆ ಬಯಲಲ್ಲಿ ಮೇದು ಲಿವರ್ ಹುಳು ಹತ್ತಿಸಿಕೊಂಡ ಹಸುವಿಗೆ ಫೆನ್‌ಬೆಂಡಜೋಲ್ ಕೊಟ್ಟರೆ ಆ ಹುಳುವಿಗೆ ಏನೂ ಆಗುವುದಿಲ್ಲ. ಹೊಸದಾಗಿ ಗಬ್ಬ ಕಟ್ಟಿದ ಹಸುವಿಗೆ ಆಲ್ಬೆಂಡಜೋಲ್ ಕೊಟ್ಟರೆ ಹೊಟ್ಟೆಯಲ್ಲಿರುವ ಕರುವಿಗೆ ಅಪಾಯ. ರಕ್ತಭೇದಿ ಮಾಡುವ ಮೂರು ತಿಂಗಳ ಕರುವಿಗೆ ಇವೆರಡೂ ಉಪಯೋಗಕ್ಕಿಲ್ಲ, ಯಾಕೆಂದರೆ ಅಲ್ಲಿ ಹುಳುವೇ ಇರುವುದಿಲ್ಲ.

ಹಾಗಾಗಿ ಔಷಧಿಯ ಹೆಸರಿಗಿಂತ ಮೊದಲು ಮೂರು ವಿಷಯ ಗೊತ್ತಿರಬೇಕು. ದನ ಎಲ್ಲಿ ಮೇಯುತ್ತದೆ, ಅದರ ವಯಸ್ಸೆಷ್ಟು, ಗಬ್ಬವಾಗಿದೆಯೋ ಹಾಲು ಕೊಡುತ್ತಿದೆಯೋ. ಇಷ್ಟು ಹೇಳಿದರೆ ಪಶುವೈದ್ಯರು ಅರ್ಧ ದಾರಿ ಬಂದ ಹಾಗೆ. ಕೊನೆಯ ಮಾತು ಅವರದ್ದೇ. ಆದರೆ ಅವರ ಹತ್ತಿರ ಏನು ಕೇಳಬೇಕು, ಅಂಗಡಿಯಲ್ಲಿ ಯಾವುದನ್ನು ಬೇಡ ಅನ್ನಬೇಕು ಎನ್ನುವುದು ಸಾಕುವವರಿಗೂ ತಿಳಿದಿರಲೇಬೇಕು.

ಮೊದಲು, ಇದು ಜಂತೇ ಹೌದಾ?

ಸಗಣಿ ತೆಳ್ಳಗಾದ ಕೂಡಲೇ ಜಂತು ಎಂದು ತೀರ್ಮಾನ ಮಾಡಬೇಡಿ. ಮದುವೆ ಮನೆಯಲ್ಲಿ ಉಳಿದ ಅನ್ನ ಹಾಕಿದ ಮರುದಿನ ಹಸು ಮೇವು ಬಿಟ್ಟು, ಹುಳಿ ವಾಸನೆಯ ನೀರು ಭೇದಿ ಮಾಡುತ್ತಾ ತೂರಾಡಿದರೆ ಅದು ಹೊಟ್ಟೆ ಹುಳಿಯಾಗಿರುವುದು. ಅಕ್ಕಿ, ಜೋಳದ ನುಚ್ಚು ಕದ್ದು ತಿಂದರೂ ಹೀಗೇ ಆಗುತ್ತದೆ. ಇದಕ್ಕೆ ಗಂಟೆಗಳ ಲೆಕ್ಕ, ತಕ್ಷಣ ಡಾಕ್ಟರನ್ನು ಕರೆಸಬೇಕು. ಜಂತಿನ ಔಷಧಿ ಕೊಟ್ಟು ಕಾಯುತ್ತಾ ಕೂತರೆ ಹಸು ಕೈಬಿಟ್ಟು ಹೋಗುತ್ತದೆ.

ಹುಟ್ಟಿದ ಮೊದಲ ವಾರದಲ್ಲೇ ಕರು ಬಿಳಿ ಅಥವಾ ಹಳದಿ ಭೇದಿ ಮಾಡಿದರೆ ಅದು ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಅಥವಾ ವೈರಸ್‌ನಿಂದ. ಗಿಣ್ಣು ಹಾಲು ಹೊತ್ತಿಗೆ ಸರಿಯಾಗಿ ಸಿಗದ ಕರುಗಳಲ್ಲಿ ಜಾಸ್ತಿ. ಅಂಥ ಕರು ಸಾಯುವುದು ಮೈಯ ನೀರು, ಉಪ್ಪು ಹೊರಟುಹೋಗಿ. ಅದಕ್ಕೆ ಮೊದಲು ಬೇಕಾದದ್ದು ಓಆರ್‌ಎಸ್ ನೀರು, ಬೆಚ್ಚಗಿನ ಜಾಗ.

ಮೂರು ವಾರದಿಂದ ಆರು ತಿಂಗಳವರೆಗಿನ ಕರು ತಿಣುಕುತ್ತಾ ತಿಣುಕುತ್ತಾ ರಕ್ತ, ಲೋಳೆ ಬೆರೆತ ಸಗಣಿ ಹಾಕಿದರೆ ಕಾಕ್ಸಿಡಿಯಾ ಇರಬಹುದು ಎಂದು ಅನುಮಾನಿಸಿ. ಇದು ಕಣ್ಣಿಗೆ ಕಾಣದ ಒಂದೇ ಜೀವಕೋಶದ ಜೀವಿ. ಇದಕ್ಕೆ ಆಂಪ್ರೋಲಿಯಂ ಅಥವಾ ಸಲ್ಫಾ ಗುಂಪಿನ ಔಷಧಿ. ಆಲ್ಬೆಂಡಜೋಲ್, ಐವರ್‌ಮೆಕ್ಟಿನ್ ಯಾವುದೂ ಕೆಲಸ ಮಾಡುವುದಿಲ್ಲ. ದೊಡ್ಡ ಹಸು ಚೆನ್ನಾಗಿ ತಿನ್ನುತ್ತಿದೆ, ಜ್ವರವಿಲ್ಲ, ಆದರೂ ತಿಂಗಳುಗಟ್ಟಲೆ ಭೇದಿ, ದಿನೇ ದಿನೇ ಸೊರಗುತ್ತಿದೆ, ಜಂತಿನ ಔಷಧಿ ಕೊಟ್ಟರೂ ನಿಲ್ಲುತ್ತಿಲ್ಲ ಅಂದರೆ ಜೋನ್ಸ್ ಎನ್ನುವ, ಕರುಳಿಗೆ ಹತ್ತುವ ಬ್ಯಾಕ್ಟೀರಿಯಾ ರೋಗದ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಗುಣವಾಗುವ ಔಷಧಿ ಇಲ್ಲ. ಬೇಗ ಗೊತ್ತಾದರೆ ಉಳಿದ ದನ, ಮುಖ್ಯವಾಗಿ ಎಳೆಗರುಗಳನ್ನಾದರೂ ದೂರ ಇಡಬಹುದು.

ಕುರಿಗಳಲ್ಲಿ ಇನ್ನೆರಡು ಸೇರಿಸಿಕೊಳ್ಳಿ. ಮುಂಗಾರಿನ ಮೊದಲ ಹಸಿರು ಮೇದ ಮೇಲೆ ಮೈಕೈ ತುಂಬಿಕೊಂಡ ಒಳ್ಳೊಳ್ಳೆ ಮರಿಗಳೇ ಇದ್ದಕ್ಕಿದ್ದಂತೆ ಸತ್ತರೆ ಅದು ಕರುಳುಬೇನೆ. ಜ್ವರ, ಮೂಗಿನಲ್ಲಿ ಸಿಂಬಳ, ಬಾಯಲ್ಲಿ ಹುಣ್ಣು, ಜೊತೆಗೆ ಭೇದಿ ಇದ್ದರೆ ಪಿಪಿಆರ್ ಎನ್ನುವ ವೈರಸ್ ರೋಗ. ಎರಡಕ್ಕೂ ಲಸಿಕೆ ಇದೆ, ಎರಡಕ್ಕೂ ಜಂತಿಗೂ ಸಂಬಂಧವಿಲ್ಲ.

ಹಾಗಾದರೆ ಜಂತಿನ ಲಕ್ಷಣ ಯಾವುದು? ನಿಧಾನವಾಗಿ ಆಗುವ ಸೊರಗು. ಕೂದಲು ಹೊಳಪು ಕಳೆದುಕೊಂಡು ನಿಮಿರಿ ನಿಲ್ಲುತ್ತದೆ. ಹಾಲು ದಿನಕ್ಕೆ ಅಷ್ಟಿಷ್ಟು ಇಳಿಯುತ್ತದೆ. ಕರುವಿನ ಹೊಟ್ಟೆ ಮಾತ್ರ ದಪ್ಪ, ಬೆನ್ನು ಪಕ್ಕೆ ಎಲುಬು. ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಬಾವು ಬಂದಿದ್ದರೆ ರೋಗ ತುಂಬಾ ಮುಂದುವರಿದಿದೆ ಎಂದೇ ಅರ್ಥ.

ಸಗಣಿ ಪರೀಕ್ಷೆಗೆ ಸರಿಸಾಟಿಯಿಲ್ಲ, ಆದರೆ ಮಿತಿ ಇದೆ

ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಒಂದು ಮೈಕ್ರೋಸ್ಕೋಪ್ ಇದ್ದರೆ ಸಾಕು, ಈ ಪರೀಕ್ಷೆ ಆಗುತ್ತದೆ. ಪ್ಲಾಸ್ಟಿಕ್ ಕವರನ್ನು ಕೈಗೆ ಹಾಕಿಕೊಂಡು ಗುದದ್ವಾರದಿಂದಲೇ ನಿಂಬೆಹಣ್ಣಿನ ಗಾತ್ರದಷ್ಟು ಸಗಣಿ ತೆಗೆಯಿರಿ. ಕವರನ್ನು ಒಳಹೊರಗು ಮಾಡಿ ಗಾಳಿ ಹಿಂಡಿ ಗಂಟು ಹಾಕಿ. ಕುರಿ ಮೇಕೆಯಾದರೆ ಎಂಟು ಹತ್ತು ಹಿಕ್ಕೆ ಸಾಕು. ಕೊಟ್ಟಿಗೆ ನೆಲದಿಂದ ಬಳಿದು ತರಬೇಡಿ. ಮಣ್ಣಲ್ಲಿರುವ ಬೇರೆ ಹುಳುಗಳ ಮೊಟ್ಟೆ, ಮರಿ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಅವತ್ತೇ ಕೊಡಿ. ತಡವಾಗುವುದಾದರೆ ಫ್ರಿಜ್‌ನ ಕೆಳಗಿನ ಭಾಗದಲ್ಲಿ ಇಡಿ. ಸೆಕೆಗೆ ಮೊಟ್ಟೆಗಳು ಒಡೆದು ಮರಿಯಾಗಿಬಿಡುತ್ತವೆ.

ಪರೀಕ್ಷೆ ಮಾಡುವುದು ಎರಡು ಥರ. ಉಪ್ಪಿನ ದ್ರಾವಣದಲ್ಲಿ ಕಲಸಿ ಮೊಟ್ಟೆಗಳನ್ನು ಮೇಲಕ್ಕೆ ತೇಲಿಸುವುದು ಒಂದು. ನೀರಿನಲ್ಲಿ ಕಲಸಿ, ಸೋಸಿ, ತಳದಲ್ಲಿ ಕೂತದ್ದನ್ನು ನೋಡುವುದು ಇನ್ನೊಂದು. ದುಂಡುಹುಳು, ಲಾಡಿಹುಳುವಿನ ಮೊಟ್ಟೆ ತೇಲುತ್ತದೆ. ಲಿವರ್ ಹುಳು ಮತ್ತು ಅದರ ನೆಂಟ ಚಪ್ಪಟೆ ಹುಳುಗಳ ಮೊಟ್ಟೆ ಭಾರ, ಉಪ್ಪುನೀರಲ್ಲಿ ತೇಲುವುದಿಲ್ಲ. ಹಾಗಾಗಿ ನಿಮ್ಮ ದನ ಗದ್ದೆ, ಕೆರೆ, ಕಾಲುವೆ ಬದಿ ಮೇಯುವುದಾದರೆ ಅದನ್ನು ಹೇಳಿ, ಸೆಡಿಮೆಂಟೇಶನ್ (ತಳದಲ್ಲಿ ಕೂತದ್ದನ್ನು ನೋಡುವ ಪರೀಕ್ಷೆ) ಮಾಡಿ ನೋಡಿ ಸಾರ್ ಎಂದು ಕೇಳಿ. ಲಿವರ್ ಹುಳುವಿನ ಮೊಟ್ಟೆ ಪಿತ್ತದ ಬಣ್ಣ ಹತ್ತಿ ಬಂಗಾರದ ಹಳದಿಯಾಗಿರುತ್ತದೆ. ಹೊಟ್ಟೆಯ ಚಪ್ಪಟೆ ಹುಳುವಿನ ಮೊಟ್ಟೆಗೆ ಆ ಬಣ್ಣ ಇರುವುದಿಲ್ಲ. ಇದರಿಂದಲೇ ಡಾಕ್ಟರು ಎರಡನ್ನೂ ಬೇರೆ ಮಾಡುತ್ತಾರೆ.

ಮಿತಿ ಅಂದೆನಲ್ಲ, ಅದು ಇದು: ಮೊಟ್ಟೆ ಇಡುವ ವಯಸ್ಸಿಗೆ ಬಾರದ ಮರಿಹುಳುಗಳು ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಕೆಲವು ಸಲ ದನವನ್ನು ಕೊಲ್ಲುವುದು ಆ ಮರಿಹುಳುಗಳೇ. ಅದನ್ನು ಮುಂದೆ ಹೇಳುತ್ತೇನೆ.

ದುಂಡುಹುಳುವಿಗೆ: ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್, ಐವರ್‌ಮೆಕ್ಟಿನ್

ಈ ಮೂರೂ ಸಾಮಾನ್ಯ ದುಂಡುಹುಳುಗಳನ್ನು ಕೊಲ್ಲುತ್ತವೆ. ವ್ಯತ್ಯಾಸ ಇರುವುದು ಜೊತೆಗೆ ಇನ್ನೇನು ಕೊಲ್ಲುತ್ತವೆ, ಯಾರಿಗೆ ಕೊಡಬಾರದು ಎನ್ನುವುದರಲ್ಲಿ.

ಆಲ್ಬೆಂಡಜೋಲ್ ಹರವು ದೊಡ್ಡದು. ದುಂಡುಹುಳು, ಲಾಡಿಹುಳು ಎರಡಕ್ಕೂ ಆಗುತ್ತದೆ. ಪ್ರಮಾಣ ಹೆಚ್ಚಿಸಿದರೆ, ಅಂದರೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ, ಬೆಳೆದ ಲಿವರ್ ಹುಳುವಿನ ಮೇಲೂ ಕೆಲಸ ಮಾಡುತ್ತದೆ. ತೊಂದರೆ ಇರುವುದು ಗಬ್ಬದ ಮೊದಲ ದಿನಗಳಲ್ಲಿ. ಹಸು ಎಮ್ಮೆಗೆ ಗಬ್ಬದ ಮೊದಲ 45 ದಿನ, ಕುರಿ ಮೇಕೆಗೆ ಮೊದಲ ತಿಂಗಳು ಇದನ್ನು ಕೊಡಬಾರದು, ಭ್ರೂಣದ ಬೆಳವಣಿಗೆ ಕೆಡಬಹುದು. ಹಸುವಿಗೆ ಇನ್ಸೆಮಿನೇಷನ್ ಮಾಡಿಸಿ ಒಂದು ತಿಂಗಳಾಗಿದೆ, ನಿಂತಿದೆಯೋ ಇಲ್ಲವೋ ಗೊತ್ತಿಲ್ಲ ಅಂದರೆ, ನಿಂತಿದೆ ಎಂದೇ ತಿಳಿದುಕೊಂಡು ಆಲ್ಬೆಂಡಜೋಲ್ ಬಿಡಿ. ಟಗರು ಹಿಂಡಿನಲ್ಲೇ ಇದ್ದರೆ ಯಾವ ಕುರಿ ಯಾವಾಗ ಕಟ್ಟಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿಯೂ ಇದೇ ಎಚ್ಚರ.

ಫೆನ್‌ಬೆಂಡಜೋಲ್ ಗಬ್ಬದ ಯಾವ ಹಂತದಲ್ಲೂ ಕೊಡಬಹುದಾದ ಔಷಧಿ. ತಪ್ಪಿ ಸ್ವಲ್ಪ ಜಾಸ್ತಿ ಹೋದರೂ ದೊಡ್ಡ ಅನಾಹುತವಿಲ್ಲ. ಲಿವರ್ ಹುಳುವಿಗೆ ಮಾತ್ರ ಇದನ್ನು ನಂಬಬೇಡಿ. ಬಯಲುಸೀಮೆಯಲ್ಲಿ ಒಣಭೂಮಿ ಮೇಯುವ ಹಸುವಿಗೆ, ಗಬ್ಬದ ಹಸುವಿಗೆ, ಕರುಗಳಿಗೆ ನನ್ನ ಮೊದಲ ಆಯ್ಕೆ ಇದೇ.

ಐವರ್‌ಮೆಕ್ಟಿನ್ ಬೇರೆಯೇ ಗುಂಪಿನದ್ದು. ಜಪಾನಿನ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಸಿಕ್ಕಿದ್ದು. ಅದನ್ನು ಕಂಡುಕೊಟ್ಟ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ದುಂಡುಹುಳುವಿನ ಜೊತೆ ಕಜ್ಜಿ ತರುವ ನುಸಿ, ಹೇನು, ಗಾಯದ ಹುಳ ಇವಕ್ಕೂ ಆಗುತ್ತದೆ. ಒಂದೇ ಸೂಜಿಯಲ್ಲಿ ಒಳಗಿನದ್ದು, ಹೊರಗಿನದ್ದು ಎರಡೂ ಹೋಗುತ್ತದೆ ಎಂದು ತುಂಬಾ ಜನ ಇದನ್ನೇ ಕೇಳುತ್ತಾರೆ. ಆದರೆ ಲಾಡಿಹುಳು, ಲಿವರ್ ಹುಳು ಎರಡಕ್ಕೂ ಇದು ನಾಟುವುದಿಲ್ಲ. ಹಾಲಿನಲ್ಲಿ ಬಹಳ ದಿನ ಉಳಿಯುತ್ತದೆ, ಹಾಗಾಗಿ ಡೇರಿಗೆ ಹಾಲು ಹಾಕುವ ಹಸುವಿಗೆ ಬೇಡ. 1 ಶೇಕಡಾ ಇಂಜೆಕ್ಷನ್ ಆದರೆ 50 ಕಿಲೋಗೆ 1 ಎಂಎಲ್, ಚರ್ಮದ ಕೆಳಗೆ. ಉಳಿದದ್ದನ್ನು ಮನೆಯ ನಾಯಿಗೆ ಅಂದಾಜಿನಲ್ಲಿ ಹಾಕುವ ಅಭ್ಯಾಸ ಕೆಲವೆಡೆ ಇದೆ, ದಯವಿಟ್ಟು ಮಾಡಬೇಡಿ. ಕೆಲವು ತಳಿಯ ನಾಯಿಗಳಿಗೆ ಅದು ನೇರ ಮಿದುಳಿಗೆ ಏರುತ್ತದೆ. ಇನ್ನೊಂದು ವಿಷಯ: ಇದು ಸಗಣಿಯಲ್ಲಿ ಹೊರಬಂದು, ಸಗಣಿಯನ್ನು ಮಣ್ಣಿಗೆ ಸೇರಿಸುವ ದುಂಬಿಗಳ ಮರಿಗಳನ್ನೂ ಕೊಲ್ಲುತ್ತದೆ. ಬೇಕಿಲ್ಲದ ಕಡೆ ಬಳಸದಿರಲು ಇದೂ ಒಂದು ಕಾರಣ.

ಕೊಡದೇ ಇರುವುದೂ ಒಂದು ಆಯ್ಕೆಯೇ. ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ, ಮೈತುಂಬಿದ, ಹಾಲು ಇಳಿಯದ ದೊಡ್ಡ ಹಸುವಿಗೆ ದುಂಡುಹುಳುವಿನ ವಿರುದ್ಧ ಸ್ವಂತ ಶಕ್ತಿ ಬೆಳೆದಿರುತ್ತದೆ. ಅದಕ್ಕೆ ಮೂರು ತಿಂಗಳಿಗೊಮ್ಮೆ ಸುಮ್ನೆ ಮಾತ್ರೆ ಹಾಕುತ್ತಾ ಹೋಗುವುದರಲ್ಲಿ ಅರ್ಥವಿಲ್ಲ. ಆ ದುಡ್ಡಲ್ಲಿ ಖನಿಜ ಮಿಶ್ರಣ ತಂದರೆ ಒಳ್ಳೆಯದು. ಲಿವರ್ ಹುಳುವಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಅದರ ವಿರುದ್ಧ ದನಕ್ಕೆ ಅಂಥ ಶಕ್ತಿ ಬೆಳೆಯುವುದಿಲ್ಲ.

ಒಂದು ಮಾತ್ರೆ ಎಷ್ಟು ಹಸುವಿಗೆ?

ಔಷಧಿ ಸರಿಯಾಗಿ ಆರಿಸಿಯೂ ಸೋಲುವುದು ಇಲ್ಲಿ. "ಒಂದು ಹಸುವಿಗೆ ಒಂದು ಮಾತ್ರೆ" ಎನ್ನುವುದು ಎಲ್ಲ ಕಡೆ ನಡೆದುಬಂದಿರುವ ಲೆಕ್ಕ. ಅದು ತಪ್ಪು.

ಒಂದು ಟೇಪು, ಇಲ್ಲದಿದ್ದರೆ ಒಂದು ದಾರ ತೆಗೆದುಕೊಳ್ಳಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ಅಳೆಯಿರಿ. ಭುಜದ ಮೂಳೆಯ ತುದಿಯಿಂದ ಹಿಂಬದಿಯ ಕುಂಡೆ ಮೂಳೆವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬರುವುದು ಕಿಲೋ ತೂಕ, ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ.

ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಕ್ರಾಸ್ ಹಸು, ಸುತ್ತಳತೆ 64 ಇಂಚು, ಉದ್ದ 56 ಇಂಚು ಎಂದುಕೊಳ್ಳಿ. ಸುಮಾರು 347 ಕಿಲೋ. ಪೇಟೆಯಲ್ಲಿ ಸಿಗುವ ದೊಡ್ಡ ಆಲ್ಬೆಂಡಜೋಲ್ ಮಾತ್ರೆಯಲ್ಲಿ ಹೆಚ್ಚಾಗಿ 1.5 ಗ್ರಾಂ ಇರುತ್ತದೆ. ಕಿಲೋಗೆ 7.5 ಮಿಲಿಗ್ರಾಂ ಲೆಕ್ಕದಲ್ಲಿ ಆ ಮಾತ್ರೆ 200 ಕಿಲೋ ದನಕ್ಕೆ ಸರಿ. ನಮ್ಮ ಹಸುವಿಗೆ ಬೇಕಾದದ್ದು 2.6 ಗ್ರಾಂ. ಲಿವರ್ ಹುಳುವಿನ ಲೆಕ್ಕವಾದರೆ ಸುಮಾರು 3.5 ಗ್ರಾಂ, ಅಂದರೆ ಎರಡು ಮಾತ್ರೆಗಿಂತಲೂ ಜಾಸ್ತಿ. ಅದೇ ಮಲೆನಾಡು ಗಿಡ್ಡ ಹಸು, ಸುತ್ತಳತೆ 46, ಉದ್ದ 38 ಇದ್ದರೆ ತೂಕ ಸುಮಾರು 120 ಕಿಲೋ. ಅದಕ್ಕೆ ಒಂದು ಪೂರ್ತಿ ಮಾತ್ರೆಯೂ ಬೇಡ.

ಕಡಿಮೆ ಕೊಟ್ಟರೆ ಏನಾಗುತ್ತದೆ? ದುರ್ಬಲ ಹುಳು ಸಾಯುತ್ತದೆ, ಗಟ್ಟಿ ಹುಳು ಉಳಿಯುತ್ತದೆ. ಉಳಿದದ್ದರ ಮೊಟ್ಟೆಯೇ ಹುಲ್ಲಿಗೆ ಬೀಳುತ್ತದೆ. ಹೀಗೆ ನಾಲ್ಕೈದು ವರ್ಷ ನಡೆದರೆ ಆ ಹಟ್ಟಿಯಲ್ಲಿ ಆ ಔಷಧಿ ನೀರಿಗೆ ಸಮ. ಕೊಡುವುದಾದರೆ ತೂಕಕ್ಕೆ ಸರಿಯಾಗಿ ಕೊಡಿ, ಇಲ್ಲದಿದ್ದರೆ ಕೊಡಬೇಡಿ.

ನೀರಿನ ಬದಿ ಮೇಯುವ ದನಕ್ಕೆ

ಮಲೆನಾಡಿನ ಗದ್ದೆ ಬಯಲು, ಕರಾವಳಿ, ಭದ್ರಾ, ತುಂಗಭದ್ರಾ, ಕಾವೇರಿ ಕಾಲುವೆಗಳ ಅಚ್ಚುಕಟ್ಟು ಪ್ರದೇಶ, ಕೆರೆ ಅಂಗಳ. ಇಲ್ಲೆಲ್ಲ ಸಮಸ್ಯೆಯ ಬೇರು ಬಸವನಹುಳು. ಲಿವರ್ ಹುಳುವಿನ ಮೊಟ್ಟೆ ನೀರಿಗೆ ಬಿದ್ದು ಒಡೆದು, ಬಸವನಹುಳುವಿನೊಳಗೆ ಬೆಳೆದು, ಹೊರಬಂದು ಹುಲ್ಲಿನ ಕಡ್ಡಿಗೆ ಅಂಟಿ ಕೂರುತ್ತದೆ. ದನ ಆ ಹುಲ್ಲು ತಿನ್ನುತ್ತದೆ. ಮರಿಹುಳು ಕರುಳು ತೂರಿ ಲಿವರ್‌ಗೆ ಹೋಗಿ, ಅದನ್ನು ಕೊರೆಯುತ್ತಾ ವಾರಗಟ್ಟಲೆ ಓಡಾಡಿ, ಪಿತ್ತನಾಳ ಸೇರುತ್ತದೆ. ತಿಂದ ದಿನದಿಂದ ಸಗಣಿಯಲ್ಲಿ ಮೊಟ್ಟೆ ಕಾಣಲು ಸುಮಾರು ಮೂರು ತಿಂಗಳು ಬೇಕು.

ಈ ಮೂರು ತಿಂಗಳು ತಲೆಯಲ್ಲಿದ್ದರೆ ಔಷಧಿ ಆರಿಸುವುದು ಸುಲಭ.

ಆಲ್ಬೆಂಡಜೋಲ್ ಬೆಳೆದ ಹುಳುವನ್ನು ಮಾತ್ರ ಕೊಲ್ಲುತ್ತದೆ. ಆಕ್ಸಿಕ್ಲೋಜನೈಡ್ ಕೂಡ ಪಿತ್ತನಾಳ ಸೇರಿದ ಬೆಳೆದ ಹುಳುವಿಗೇ. ಪ್ರಮಾಣ ಕಿಲೋಗೆ 10ರಿಂದ 15 ಮಿಲಿಗ್ರಾಂ. ಕೊಟ್ಟ ಒಂದೆರಡು ದಿನ ಸಗಣಿ ತೆಳ್ಳಗಾಗಬಹುದು, ಹೆದರಬೇಕಿಲ್ಲ. ಹಾಲಿನ ಹಸುವಿಗೆ ಲಿವರ್ ಹುಳು ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ಸಾಮಾನ್ಯವಾಗಿ ಡಾಕ್ಟರು ಬರೆಯುವುದು ಇದನ್ನೇ. ಲೆವಾಮಿಸೋಲ್ ಜೊತೆ ಸೇರಿಸಿದ ಮಾತ್ರೆಯೂ ಸಿಗುತ್ತದೆ, ಆಗ ದುಂಡುಹುಳುವೂ ಹೋಗುತ್ತದೆ. ಆದರೆ ಲೆವಾಮಿಸೋಲ್‌ನಲ್ಲಿ ಸರಿ ಪ್ರಮಾಣಕ್ಕೂ ವಿಷಕ್ಕೂ ನಡುವಿನ ಅಂತರ ಕಡಿಮೆ. ಜಾಸ್ತಿಯಾದರೆ ಜೊಲ್ಲು ಸುರಿಸಿ ನಡುಗುತ್ತವೆ. ಸಣ್ಣ ಮೈಕಟ್ಟಿನ ದನಕ್ಕೆ ತೂಕ ಅಳೆಯದೆ ಇದನ್ನು ಹಾಕಬೇಡಿ.

ಟ್ರೈಕ್ಲಾಬೆಂಡಜೋಲ್ ಮರಿಹುಳುವನ್ನೂ ಕೊಲ್ಲುತ್ತದೆ. ಲಿವರ್ ಕೊರೆಯುತ್ತಿರುವಾಗಲೇ ಹಿಡಿಯುತ್ತದೆ. ಹಸುವಿಗೆ ಕಿಲೋಗೆ 12 ಮಿಲಿಗ್ರಾಂ, ಕುರಿಗೆ 10. ಹೆಸರು ಆಲ್ಬೆಂಡಜೋಲ್‌ನ ಹತ್ತಿರದ್ದು ಎಂದು ದುಂಡುಹುಳುವಿಗೂ ಆಗುತ್ತದೆ ಅಂದುಕೊಳ್ಳಬೇಡಿ, ಆಗುವುದಿಲ್ಲ. ಹಾಲಿಗೆ ಇಳಿಯುತ್ತದೆ, ಆದ್ದರಿಂದ ಹಾಲು ಬತ್ತಿಸಿದ ಹಸು, ಪಡ್ಡೆ, ಹೋರಿಗಳಿಗೆ ಸರಿ. ಕೊಯ್ಲಾದ ಗದ್ದೆಯಲ್ಲಿ ಮೇದ ಕುರಿಗಳು ಒಂದೆರಡು ತಿಂಗಳೊಳಗೆ ಬಿಳಿಚಿಕೊಂಡು ಸಾಯತೊಡಗಿದರೆ, ಪರೀಕ್ಷೆಯಲ್ಲಿ ಮೊಟ್ಟೆ ಇಲ್ಲದಿದ್ದರೂ ಮರಿಹುಳುವಿನ ಅನುಮಾನ ಬರಬೇಕು. ಆಗ ಬೇಕಾದದ್ದು ಇದೇ, ಬೇರೆ ಯಾವುದೂ ಅಲ್ಲ. ಇದನ್ನು ಸಾಮಾನ್ಯ ಜಂತಿನ ಔಷಧಿಯ ಹಾಗೆ ವರ್ಷಪೂರ್ತಿ ಬಳಸಿದರೆ ಮಾತ್ರ ಕೆಡುತ್ತದೆ. ಆಸ್ಟ್ರೇಲಿಯಾದಲ್ಲಿ 1990ರ ದಶಕದ ಮಧ್ಯದಲ್ಲೇ ಇದಕ್ಕೆ ಬಗ್ಗದ ಲಿವರ್ ಹುಳು ಕಾಣಿಸಿಕೊಂಡಿತು.

ಈಗ ಆಗಲೇ ಹೇಳಿದ ಇನ್ನೊಂದು ಮರಿಹುಳು. ಮೆಲುಕು ಹಾಕುವ ದೊಡ್ಡ ಹೊಟ್ಟೆಯಲ್ಲಿ ಇರುವ ಚಪ್ಪಟೆ ಹುಳು, ಆಂಫಿಸ್ಟೋಮ್. ಬೆಳೆದ ಹುಳು ಅಷ್ಟೇನೂ ತೊಂದರೆ ಕೊಡುವುದಿಲ್ಲ. ದನ ಕೊಯ್ದಾಗ ಹೊಟ್ಟೆಯ ಗೋಡೆಗೆ ಕೆಂಪು ಕಾಳುಗಳ ಹಾಗೆ ಅಂಟಿಕೊಂಡಿರುವುದನ್ನು ನೋಡಿದವರಿದ್ದಾರೆ. ಮರಿಹುಳು ಮಾತ್ರ ಮೊದಲ ವಾರಗಳನ್ನು ಸಣ್ಣ ಕರುಳಿನ ಆರಂಭದಲ್ಲಿ ಕಳೆಯುತ್ತದೆ, ಕರುಳಿನ ಒಳಪದರವನ್ನು ಕಚ್ಚಿ ಕಿತ್ತು ಹಾಕುತ್ತದೆ. ಸಾವಿರಾರು ಸಂಖ್ಯೆಯಲ್ಲಿ ಸೇರಿದಾಗ ನೀರಿನಂಥ ದುರ್ವಾಸನೆಯ ಭೇದಿ. ಹಿಂಬದಿ, ಬಾಲ ಎಲ್ಲ ಒದ್ದೆ. ಗದ್ದದ ಕೆಳಗೆ ಬಾವು. ಒಂದೆರಡು ವಾರದಲ್ಲಿ ಸಾವು. ಕುರಿಗಳು ಮತ್ತು ಎಳೆ ದನಗಳು ಇದಕ್ಕೆ ಬೇಗ ತುತ್ತಾಗುತ್ತವೆ.

ಇದು ಬೇಸಿಗೆಯಲ್ಲೂ ಬರುತ್ತದೆ ಎನ್ನುವುದನ್ನು ಗಮನಿಸಿ. ಕೆರೆ ಬತ್ತುತ್ತಾ ಹೋದಂತೆ ಬಸವನಹುಳುಗಳು ಉಳಿದ ನೀರಿನ ಅಂಚಿಗೆ ಗುಂಪಾಗುತ್ತವೆ. ಊರೆಲ್ಲ ಒಣಗಿರುವಾಗ ಹಸಿರು ಇರುವುದೂ ಅಲ್ಲೇ. ದನ ಕುರಿ ಎಲ್ಲ ಆ ಕೆರೆ ಅಂಗಳಕ್ಕೇ ಇಳಿಯುತ್ತವೆ. ಅಲ್ಲಿ ಮೇದು ಮೂರ್ನಾಲ್ಕು ವಾರಕ್ಕೆ ಹಿಂಡಿನಲ್ಲಿ ಭೇದಿ ಶುರುವಾದರೆ ಸಗಣಿಯಲ್ಲಿ ಮೊಟ್ಟೆ ಹುಡುಕುತ್ತಾ ಕೂರಬಾರದು. ತಜ್ಞರು ಆ ಭೇದಿಯಲ್ಲೇ ಬರಿಗಣ್ಣಿಗೆ ಕಾಣುವ ಎಳ್ಳಿನಷ್ಟು ಸಣ್ಣ ಕೆಂಪು ಮರಿಹುಳುಗಳನ್ನು ಸೋಸಿ ನೋಡುತ್ತಾರೆ. ಸತ್ತ ಕುರಿಯ ಮರಣೋತ್ತರ ಪರೀಕ್ಷೆ ಮಾಡಿಸಿದರೆ ಇನ್ನೂ ಖಚಿತ. ಔಷಧಿ ಆಕ್ಸಿಕ್ಲೋಜನೈಡ್, ಪ್ರಮಾಣ ಸ್ವಲ್ಪ ಹೆಚ್ಚಿಸಿ, ಮೂರು ದಿನ ಬಿಟ್ಟು ಮತ್ತೊಮ್ಮೆ. ಪ್ರಮಾಣವನ್ನು ಡಾಕ್ಟರೇ ಹೇಳಬೇಕು. ಟ್ರೈಕ್ಲಾಬೆಂಡಜೋಲ್ ಇದಕ್ಕೆ ಬರುವುದಿಲ್ಲ, ಐವರ್‌ಮೆಕ್ಟಿನ್ ಬರುವುದಿಲ್ಲ, ಫೆನ್‌ಬೆಂಡಜೋಲ್ ಬರುವುದಿಲ್ಲ. ಕುರಿಗಾರರು ಅತಿ ಹೆಚ್ಚು ದುಡ್ಡು, ಕುರಿ ಎರಡನ್ನೂ ಕಳೆದುಕೊಳ್ಳುವುದು ಇಲ್ಲಿಯೇ. ಅದಕ್ಕೇ ಇಷ್ಟು ಉದ್ದ ಬರೆದೆ.

ಔಷಧಿ ಇಲ್ಲದೆಯೂ ಕೆಲವು ಕೆಲಸ ಮಾಡಬಹುದು. ದನ ನೀರು ಕುಡಿಯುವ ಜಾಗ ಕಲ್ಲು ಹಾಸಿ ಕೆಸರಿಲ್ಲದಂತೆ ಮಾಡಿ, ಇಲ್ಲವೇ ತೊಟ್ಟಿಯಲ್ಲಿ ನೀರು ಕೊಡಿ. ಗದ್ದೆಯ ಹಸಿ ಹುಲ್ಲು ನೇರ ಹಾಕುವುದಕ್ಕಿಂತ ಚೆನ್ನಾಗಿ ಒಣಗಿಸಿ ಬಣವೆ ಒಟ್ಟಿದ ಹುಲ್ಲು ಒಳ್ಳೆಯದು. ಬಾತುಕೋಳಿ ಸಾಕಿದರೆ ಬಸವನಹುಳುವನ್ನು ಹುಡುಕಿ ತಿನ್ನುತ್ತವೆ. ತಾಮ್ರವಿರುವ ಮೈಲುತುತ್ತ ಹಾಕಿ ಬಸವನಹುಳು ಕೊಲ್ಲುವ ಸಲಹೆ ಹಳೆಯದು. ಮೀನೂ ಸಾಯುತ್ತದೆ, ಕುರಿಗೆ ತಾಮ್ರ ಬಹಳ ಬೇಗ ವಿಷವಾಗುತ್ತದೆ. ಅಡಿಕೆ ತೋಟಕ್ಕೆ ಮೈಲುತುತ್ತದಿಂದ ಮಾಡಿದ ಬೋರ್ಡೋ ದ್ರಾವಣ ಹೊಡೆದ ಮೇಲೆ ಆ ಹುಲ್ಲನ್ನು ಕುರಿಗೆ ಮೇಯಿಸಬಾರದು ಎನ್ನುವುದೂ ಇದೇ ಕಾರಣಕ್ಕೆ.

ಎಮ್ಮೆ ಕರು

ಎಮ್ಮೆ ಕರುವಿನ ದೊಡ್ಡ ಶತ್ರು ಒಂದು ದುಂಡುಹುಳು, ಟಾಕ್ಸೋಕಾರಾ. ಇದು ಹುಲ್ಲಿನಿಂದ ಬರುವುದಿಲ್ಲ. ತಾಯಿಯ ಮೈಯಲ್ಲಿ ಅಡಗಿದ್ದ ಮರಿಹುಳು ಈದ ಮೇಲೆ ಹಾಲಿನ ಜೊತೆ ಕರುವಿಗೆ ಇಳಿಯುತ್ತದೆ. ಮೂರು ವಾರದೊಳಗೆ ಕರುಳಲ್ಲಿ ಗೇಣುದ್ದದ ಹುಳುಗಳಾಗಿ ಬೆಳೆಯುತ್ತವೆ. ಮಣ್ಣಿನ ಬಣ್ಣದ ದುರ್ನಾತದ ಸಗಣಿ, ಉಬ್ಬಿದ ಹೊಟ್ಟೆ, ಆಗಾಗ ಹೊಟ್ಟೆನೋವು. ಕೊನೆಗೆ ಕರುಳು ಕಟ್ಟಿಕೊಂಡೋ ಸೊರಗಿಯೋ ಕರು ಸಾಯುತ್ತದೆ.

ಪೈಪರಜೀನ್ ಇದಕ್ಕೆ ಹಳೆಯ, ಅಗ್ಗದ, ಎಳೆಗರುವಿಗೂ ಸುರಕ್ಷಿತ ಔಷಧಿ. ಸಿಹಿ ದ್ರವ, ಕರು ಸುಲಭವಾಗಿ ಕುಡಿಯುತ್ತದೆ. ದೊಡ್ಡ ದುಂಡುಹುಳುವಿಗೆ ಬಿಟ್ಟು ಬೇರೆ ಯಾವುದಕ್ಕೂ ಹೆಚ್ಚು ಆಗಿಬರುವುದಿಲ್ಲ. ಇದು ಹುಳುವಿಗೆ ಲಕ್ವ ಹೊಡೆಸುತ್ತದೆ, ಸಗಣಿಯ ಜೊತೆ ಹುಳು ಹೊರಗೆ ಬರುತ್ತದೆ. ತುಂಬಾ ಹುಳು ಇರುವ ಕರುವಿಗೆ ತಡವಾಗಿ ಕೊಟ್ಟರೆ ಎಲ್ಲ ಒಟ್ಟಿಗೆ ಬಿದ್ದು ಕರುಳು ಕಟ್ಟುವ ಅಪಾಯವಿದೆ. ಆದ್ದರಿಂದ ಹುಟ್ಟಿದ 10ರಿಂದ 14ನೇ ದಿನದೊಳಗೆ ಮೊದಲ ಸಲ ಕೊಡಿ. ಆಮೇಲೆ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಎರಡನೇ ತಿಂಗಳಿನಿಂದ ಹುಲ್ಲು ಕಚ್ಚಲು ಶುರುಮಾಡಿದ ಮೇಲೆ ಫೆನ್‌ಬೆಂಡಜೋಲ್‌ಗೆ ಬದಲಾಯಿಸುವುದು ಒಳ್ಳೆಯದು, ಬೇರೆ ಹುಳುಗಳೂ ಸೇರಿಕೊಳ್ಳುವ ವಯಸ್ಸು ಅದು.

ಕುರಿ, ಮೇಕೆ: ಕಣ್ಣಿನ ರೆಪ್ಪೆ ನೋಡಿ

ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹಿಮಾಂಕಸ್ ಎನ್ನುವ ಹುಳು ಬಂಡೂರು ತಳಿಯನ್ನೂ ಬಿಡುವುದಿಲ್ಲ, ಡೆಕ್ಕನಿ ತಳಿಯನ್ನೂ ಬಿಡುವುದಿಲ್ಲ. ಒಂದು ಹೆಣ್ಣುಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಇದು ಬಂದ ಕುರಿ ಸಾಮಾನ್ಯವಾಗಿ ಭೇದಿ ಮಾಡುವುದೇ ಇಲ್ಲ. ಹಿಕ್ಕೆ ಗಟ್ಟಿಯಾಗಿಯೇ ಇರುತ್ತದೆ, ಕುರಿ ಮಾತ್ರ ರಕ್ತವಿಲ್ಲದೆ ಕುಸಿಯುತ್ತದೆ. ಭೇದಿ ಇಲ್ಲ, ಹಾಗಾಗಿ ಜಂತಿಲ್ಲ ಎಂದು ಕೂತವರ ಹಿಂಡು ಹೀಗೇ ಕರಗುತ್ತದೆ.

ಕೆಳರೆಪ್ಪೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಕೆಳಗೆ ಎಳೆಯಿರಿ, ಬಿಸಿಲಿನ ಬೆಳಕಲ್ಲಿ ನೋಡಿ. ಕೆಂಪಗಿದ್ದರೆ ಚೆನ್ನಾಗಿದೆ. ತಿಳಿಗುಲಾಬಿ ಇದ್ದರೆ ಎಚ್ಚರ. ಕಾಗದದ ಹಾಗೆ ಬಿಳಿಯಾಗಿದ್ದರೆ ಇವತ್ತೇ ಔಷಧಿ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೇ ಐದು ಬಣ್ಣಗಳ ಒಂದು ಕಾರ್ಡು ಮಾಡಿದರು, ಫಮಾಚಾ ಎಂದು ಹೆಸರು. 1 ಎಂದರೆ ಕೆಂಪು, 5 ಎಂದರೆ ಬಿಳಿ. 4 ಮತ್ತು 5ಕ್ಕೆ ಔಷಧಿ, ಮರಿ ಮತ್ತು ಮೇಕೆಗಳಿಗೆ 3ಕ್ಕೇ ಕೊಡುವುದು ಒಳ್ಳೆಯದು.

ಕೆಂಪಗಿರುವ ಕುರಿಗೆ ಯಾಕೆ ಕೊಡಬಾರದು? ಅವುಗಳ ಹೊಟ್ಟೆಯಲ್ಲಿ ಔಷಧಿ ಕಾಣದ ಸ್ವಲ್ಪ ಹುಳು ಉಳಿಯಬೇಕು. ಆ ಹುಳುಗಳ ಸಂತತಿ ಹುಲ್ಲಲ್ಲಿ ಜಾಸ್ತಿ ಇದ್ದಷ್ಟು ದಿನ ಔಷಧಿಗೆ ಬಗ್ಗದ ಹುಳುವಿನ ಕೈ ಮೇಲಾಗುವುದಿಲ್ಲ. ಇಡೀ ಹಿಂಡಿಗೆ ಒಂದೇ ದಿನ ಕುಡಿಸಿ ಹೊಸ ಹುಲ್ಲಿಗೆ ಬಿಡುವುದು ಹಿಂದಿನ ಸಲಹೆಯಾಗಿತ್ತು. ಗಟ್ಟಿ ಹುಳು ಮಾತ್ರ ಹೊಸ ಹುಲ್ಲಿಗೆ ಸೇರುತ್ತದೆ ಎಂದು ಗೊತ್ತಾದ ಮೇಲೆ ಈಗ ಹಾಗೆ ಹೇಳುವುದಿಲ್ಲ.

ಔಷಧಿ ಬದಲಾಯಿಸುವುದು ಅಂದರೆ ಗುಂಪು ಬದಲಾಯಿಸುವುದು. ಆಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ತಂದರೆ ಬದಲಾವಣೆ ಆಗಲಿಲ್ಲ, ಎರಡೂ ಒಂದೇ ಗುಂಪು. ಒಂದಕ್ಕೆ ಬಗ್ಗದ ಹುಳು ಇನ್ನೊಂದಕ್ಕೂ ಬಗ್ಗುವುದಿಲ್ಲ. ಬಾಟಲಿಯ ಬಣ್ಣ, ಕಂಪನಿ ಬೇರೆಯಾದರೆ ಅಂತೂ ಏನೂ ಬದಲಾಗಿಲ್ಲ. ಆಲ್ಬೆಂಡಜೋಲ್ ಸೋತರೆ ಲೆವಾಮಿಸೋಲ್, ಐವರ್‌ಮೆಕ್ಟಿನ್ ಅಥವಾ ಕ್ಲೋಸಾಂಟೆಲ್ ಕಡೆ ನೋಡಬೇಕು. ಕ್ಲೋಸಾಂಟೆಲ್ ರಕ್ತದಲ್ಲಿ ವಾರಗಟ್ಟಲೆ ಉಳಿದು ರಕ್ತ ಹೀರುವ ಹುಳುವನ್ನು ಹೊಸದಾಗಿ ನೆಲೆಯೂರಲು ಬಿಡುವುದಿಲ್ಲ, ಇದು ಅದರ ದೊಡ್ಡ ಗುಣ. ಆದರೆ ಪ್ರಮಾಣ ಮೀರಿದರೆ ಕುರಿ ಮೇಕೆ ಕಣ್ಣು ಕಳೆದುಕೊಳ್ಳುತ್ತವೆ, ಮತ್ತೆ ಬರುವುದಿಲ್ಲ. ಅಂದಾಜಿನಲ್ಲಿ ಕುಡಿಸುವವರ ಕೈಗೆ ಇದು ಬೇಡವೇ ಬೇಡ.

ಮೇಕೆಯ ವಿಷಯ ಬೇರೆ. ಮೇಕೆಯ ಲಿವರ್ ಔಷಧಿಯನ್ನು ಬೇಗ ಹೊರಹಾಕುತ್ತದೆ. ಕುರಿಯ ಪ್ರಮಾಣ ಕೊಟ್ಟರೆ ಸಾಲುವುದಿಲ್ಲ. ಫೆನ್‌ಬೆಂಡಜೋಲ್ ಗುಂಪಿನದ್ದಾದರೆ ಕುರಿಯ ಎರಡರಷ್ಟು, ಲೆವಾಮಿಸೋಲ್ ಆದರೆ ಒಂದೂವರೆಯಷ್ಟು ಎನ್ನುವುದು ಲೆಕ್ಕ. ಕ್ಲೋಸಾಂಟೆಲ್‌ಗೆ ಈ ಲೆಕ್ಕ ಹಾಕಬಾರದು. ಮರಿಗಳ ಹಿಕ್ಕೆಯಲ್ಲಿ ಬೆಂದ ಅನ್ನದ ಅಗುಳಿನ ಹಾಗೆ ತುಂಡುಗಳು ಕಂಡರೆ ಅದು ಲಾಡಿಹುಳು. ನೋಡಲು ಹೆದರಿಕೆಯಾದರೂ ಹಾನಿ ಕಡಿಮೆ. ಪ್ರಾಜಿಕ್ವಾಂಟೆಲ್ ಅಥವಾ ಆಲ್ಬೆಂಡಜೋಲ್ ಸಾಕು.

ನಾಟಿ ಔಷಧಿ

ಬೇವು, ಪಪ್ಪಾಯಿ ಬೀಜ, ಅಡಿಕೆ ಎಲ್ಲವನ್ನೂ ಜನ ಬಳಸುತ್ತಾರೆ. ಅಡಿಕೆಯಲ್ಲಿರುವ ಅರೆಕೋಲಿನ್ ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳುವಿಗೆ ಔಷಧಿಯಾಗಿಯೇ ಇತ್ತು. ಆದರೆ ಒಂದು ಅಡಿಕೆಯಲ್ಲಿ ಅದು ಎಷ್ಟಿದೆ ಎಂದು ಅಳೆಯಲು ಆಗುವುದಿಲ್ಲ, ಜಾಸ್ತಿಯಾದರೆ ಅದೂ ವಿಷವೇ. ಸ್ವಲ್ಪ ಸೊರಗಿದ ದನಕ್ಕೆ ಬೇವಿನ ಸೊಪ್ಪು ತಿನ್ನಿಸುವುದಕ್ಕೆ ನನ್ನ ತಕರಾರಿಲ್ಲ. ರೆಪ್ಪೆ ಬಿಳಿಯಾದ ಕುರಿಗೆ, ಗದ್ದ ಬಾತ ಹಸುವಿಗೆ ನಾಟಿ ಔಷಧಿ ಹಾಕಿ ದಿನ ಕಳೆಯಬೇಡಿ.

ಕೊಡುವಾಗ, ಕೊಟ್ಟ ಮೇಲೆ

ಗೊಟ್ಟದಲ್ಲೋ ಬಾಟಲಿಯಲ್ಲೋ ಕುಡಿಸುವಾಗ ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಸ್ವಲ್ಪ ಮಾತ್ರ ಎತ್ತಿ. ನಾಲಿಗೆ ಹೊರಗೆ ಎಳೆದು ಹಿಡಿಯಬೇಡಿ, ನಾಲಿಗೆ ಹಿಡಿದರೆ ನುಂಗಲು ಆಗುವುದಿಲ್ಲ. ಕೆನ್ನೆಯ ಬದಿಯಿಂದ ಸ್ವಲ್ಪ ಸ್ವಲ್ಪ ಹಾಕಿ. ಕೆಮ್ಮಿದರೆ ತಲೆ ಬಿಟ್ಟುಬಿಡಿ. ಶ್ವಾಸಕೋಶಕ್ಕೆ ಹೋದ ಔಷಧಿ ಜಂತಿಗಿಂತ ಬೇಗ ಕೊಲ್ಲುತ್ತದೆ. ಲೇಬಲ್ ಮೇಲೆ ಹಾಲು ಎಷ್ಟು ದಿನ ಬಳಸಬಾರದು ಎಂದು ಬರೆದಿರುತ್ತದೆ. ಅಷ್ಟು ದಿನ ಆ ಹಾಲು ಡೇರಿಗೂ ಬೇಡ, ಮನೆ ಮಕ್ಕಳಿಗೂ ಬೇಡ.

ಕಾಲ ಯಾವುದು ಅಂದರೆ, ದುಂಡುಹುಳುವಿಗೆ ಮಳೆ ಶುರುವಾಗುವ ಮುಂಚೆ ಒಮ್ಮೆ, ಮಳೆಗಾಲ ಮುಗಿಯುವಾಗ ಒಮ್ಮೆ ಪರೀಕ್ಷೆ ಮಾಡಿಸಿ ಕೊಡುವುದು ಹೆಚ್ಚಿನ ಕಡೆ ಸಾಕಾಗುತ್ತದೆ. ಲಿವರ್ ಹುಳುವಿನ ಕಾಲ ಅದರ ನಂತರ. ಕೊಯ್ಲಾದ ಗದ್ದೆಗೆ ದನ ಬಿಡುವ ಊರುಗಳಲ್ಲಿ ಮಾಘ ಫಾಲ್ಗುಣದ ಹೊತ್ತಿಗೆ ಬೆಳೆದ ಹುಳು ಸಿಗುತ್ತದೆ, ಆಗ ಆಕ್ಸಿಕ್ಲೋಜನೈಡ್ ಸರಿಯಾದ ಏಟು ಕೊಡುತ್ತದೆ. ಆಸ್ಪತ್ರೆ ದೂರವಿದ್ದು ದನ ಏಳಲಾಗದ ಸ್ಥಿತಿಯಲ್ಲಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಮನೆ ಬಾಗಿಲಿಗೆ ಬರುತ್ತದೆ.

ಔಷಧಿ ಕೊಟ್ಟ 10ರಿಂದ 14 ದಿನಕ್ಕೆ ಅದೇ ದನಗಳ ಸಗಣಿ ಮತ್ತೊಮ್ಮೆ ಪರೀಕ್ಷೆಗೆ ಕೊಡಿ. ಮೊದಲಿನ ಮೊಟ್ಟೆ ಲೆಕ್ಕ, ಈಗಿನ ಲೆಕ್ಕ ಎರಡನ್ನೂ ಪಕ್ಕಪಕ್ಕ ಬರೆಸಿಕೊಳ್ಳಿ. ಮೊಟ್ಟೆಯ ಲೆಕ್ಕ ನೂರಕ್ಕೆ 95ರಷ್ಟಾದರೂ ಇಳಿಯದಿದ್ದರೆ, ತೂಕದ ಲೆಕ್ಕ ಸರಿಯಿತ್ತು ಎಂದಾದರೆ, ನಿಮ್ಮ ಹಟ್ಟಿಯ ಹುಳು ಆ ಗುಂಪಿಗೆ ಬಗ್ಗುತ್ತಿಲ್ಲ. ಆ ಚೀಟಿಯನ್ನು ಇಟ್ಟುಕೊಂಡು ಮುಂದಿನ ಸಲ ಡಾಕ್ಟರ ಹತ್ತಿರ ಬೇರೆ ಗುಂಪಿನದ್ದನ್ನು ಬರೆಸಿಕೊಳ್ಳಿ.